ಎರಡು ಸ್ಟ್ರೋಕ್ ಎಂಜಿನ್ನಿಗೆ ಆಯಿಲ್: ಪೆಟ್ರೋಲಿನಲ್ಲಿ ಬೆರೆಸುವುದೋ, ಪಂಪಿನಿಂದ ಒದಗಿಸುವುದೋ?

ಬೆನ್ನಿಗೆ ಹೊರುವ ಪವರ್ ಸ್ಪ್ರೇಯರ್, ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಚೈನ್ ಗರಗಸ ಇವು ಇಂದು ಅನೇಕ ರೈತರ ಮನೆಗಳಲ್ಲಿವೆ. ಇವುಗಳಲ್ಲಿ ಬಹಳಷ್ಟು ಯಂತ್ರಗಳು ಎರಡು ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ನಿಂದ ನಡೆಯುತ್ತವೆ. ಈ ಎಂಜಿನ್ ಹಗುರ, ಬಿಡಿಭಾಗಗಳು ಕಡಿಮೆ, ತೂಕಕ್ಕೆ ಹೋಲಿಸಿದರೆ ಶಕ್ತಿ ಹೆಚ್ಚು. ಆದರೆ ಆಯಿಲ್ ವಿಷಯದಲ್ಲಿ ತಪ್ಪಿದರೆ ಇದು ಕ್ಷಮಿಸುವುದಿಲ್ಲ. ಆಯಿಲ್ ಇಲ್ಲದ ಬರಿಯ ಪೆಟ್ರೋಲಿನಲ್ಲಿ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಮಳೆ ಬಿಡುವು ಕೊಟ್ಟ ಒಂದೆರಡು ದಿನಗಳಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿ ಮುಗಿಸಬೇಕಾದಾಗ ಯಂತ್ರ ಹೀಗೆ ಕೈಕೊಟ್ಟರೆ, ನಷ್ಟ ಯಂತ್ರದ್ದಷ್ಟೇ ಅಲ್ಲ, ಫಸಲಿನದೂ ಹೌದು. ಆದ್ದರಿಂದ ಈ ಎಂಜಿನ್ನಿಗೆ ಆಯಿಲ್ ಹೇಗೆ ತಲುಪುತ್ತದೆ ಎಂಬುದನ್ನು ರೈತರು ತಿಳಿದಿರುವುದು ಅವಶ್ಯಕ.

ಆಯಿಲ್ ಏಕೆ ಬೆರೆಸಬೇಕು?

ನಾಲ್ಕು ಸ್ಟ್ರೋಕ್ ಎಂಜಿನ್‌ನ ತಳದಲ್ಲಿ ಆಯಿಲ್ ನಿಂತಿರುತ್ತದೆ. ಅದೇ ಆಯಿಲ್ ಮತ್ತೆ ಮತ್ತೆ ಒಳಗಿನ ಭಾಗಗಳಿಗೆ ತಲುಪುತ್ತದೆ. ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಹಾಗಿಲ್ಲ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಮೊದಲು ಕ್ರ್ಯಾಂಕ್ ಕೇಸಿನೊಳಗೆ ಹೋಗಿ, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಹೀಗೆ ಪೆಟ್ರೋಲ್ ಹಾಯ್ದುಹೋಗುವ ಜಾಗದಲ್ಲಿ ಆಯಿಲ್ ತುಂಬಿಡುವುದು ಸಾಧ್ಯವಿಲ್ಲ. ಆದ್ದರಿಂದ ಆಯಿಲ್ ಕೂಡ ಅದೇ ದಾರಿಯಲ್ಲಿ ಸಾಗಿ ಬೇರಿಂಗ್, ಪಿಸ್ಟನ್ ಮತ್ತು ರಿಂಗುಗಳನ್ನು ನೆನೆಸಿ, ಕೊನೆಗೆ ಸುಟ್ಟು ಹೊಗೆಯಾಗಿ ಹೊರಬೀಳುತ್ತದೆ. ಪ್ರತಿ ಗಳಿಗೆಯೂ ಹೊಸ ಆಯಿಲ್ ಬರುತ್ತಲೇ ಇರಬೇಕು. ಇದನ್ನು ಒದಗಿಸಲು ಎರಡು ಕ್ರಮಗಳಿವೆ.

1. ಮೊದಲೇ ಬೆರೆಸುವ ಕ್ರಮ

ಪೆಟ್ರೋಲಿಗೆ ಗೊತ್ತಾದ ಪ್ರಮಾಣದಲ್ಲಿ ಆಯಿಲ್ ಬೆರೆಸಿ ಟ್ಯಾಂಕಿಗೆ ಹಾಕುವುದು. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ಇಟ್ಟುಕೊಂಡಿದ್ದವರಿಗೆ ಇದು ಚೆನ್ನಾಗಿ ಗೊತ್ತು. ಈ ಕ್ರಮದಲ್ಲಿ ಕೆಡುವಂತಹ ಪಂಪು, ಕೊಳವೆ ಯಾವುದೂ ಇಲ್ಲ. ಪೆಟ್ರೋಲ್ ಹರಿದಲ್ಲಿ ಆಯಿಲ್ ಹರಿದೇ ಹರಿಯುತ್ತದೆ.

ಕೊರತೆಯೂ ಇದೆ. ಎಂಜಿನ್ ನಿಧಾನವಾಗಿ ತಿರುಗಲಿ, ಜೋರಾಗಿ ತಿರುಗಲಿ, ಪೆಟ್ರೋಲಿಗೂ ಆಯಿಲಿಗೂ ಇರುವ ಅನುಪಾತ ಒಂದೇ. ನಿಧಾನಗತಿಯಲ್ಲಿ ಇದು ಅಗತ್ಯಕ್ಕಿಂತ ಹೆಚ್ಚಾಗಿ ಹೊಗೆ ಏಳುತ್ತದೆ. ಉದ್ದನೆಯ ಘಟ್ಟ ಇಳಿಯುವಾಗ ಸವಾರ ಎಕ್ಸಿಲರೇಟರ್ ಪೂರ್ತಿ ಮುಚ್ಚಿದರೆ ಪೆಟ್ರೋಲಿನ ಜೊತೆಗೆ ಆಯಿಲ್ ಕೂಡ ನಿಂತಂತಾಗುತ್ತದೆ. ಚಕ್ರ ಮಾತ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತದೆ.

2. ಪಂಪಿನಿಂದ ಒದಗಿಸುವ ಕ್ರಮ

ಇಲ್ಲಿ ಆಯಿಲಿಗೆ ಬೇರೆಯೇ ಟ್ಯಾಂಕು ಇರುತ್ತದೆ. ಎಂಜಿನ್ ತಿರುಗಿದಂತೆ ನಡೆಯುವ ಚಿಕ್ಕ ಪಂಪು ಆಯಿಲನ್ನು ಒಳಗೆ ತಳ್ಳುತ್ತದೆ. ಎಕ್ಸಿಲರೇಟರಿಗೆ ಕಟ್ಟಿದ ತಂತಿಯು ಪಂಪಿಗೂ ಸೇರಿರುವುದರಿಂದ, ಎಂಜಿನ್‌ನ ವೇಗ ಮತ್ತು ಹೊರೆ ಎರಡಕ್ಕೂ ತಕ್ಕಂತೆ ಆಯಿಲ್ ಹೆಚ್ಚು ಕಡಿಮೆ ಆಗುತ್ತದೆ. ಜಪಾನಿನ ಯಮಹಾ ಕಂಪನಿಯು 'ಆಟೋಲ್ಯೂಬ್' ಎಂಬ ಹೆಸರಿನಲ್ಲಿ ಇದನ್ನು 1964ರಲ್ಲಿ ಮೋಟಾರ್ ಸೈಕಲ್ಲಿಗೆ ಅಳವಡಿಸಿತು. ನಮ್ಮ ದೇಶದಲ್ಲಿ 1985ರಿಂದ 1996ರವರೆಗೆ ತಯಾರಾದ ಆರ್‌ಎಕ್ಸ್ 100ರಲ್ಲಿಯೂ ಇದೇ ಏರ್ಪಾಡಿತ್ತು.

ಇದರಿಂದ ಆಯಿಲ್ ಉಳಿತಾಯವಾಗುತ್ತದೆ, ಹೊಗೆ ಕಡಿಮೆ, ಪ್ರತಿ ಸಲ ಅಳೆಯುವ ತೊಂದರೆಯಿಲ್ಲ. ಆದರೆ ಆಯಿಲ್ ಟ್ಯಾಂಕು ಬರಿದಾದರೆ, ಕೊಳವೆಯಲ್ಲಿ ಗಾಳಿಗುಳ್ಳೆ ಸೇರಿದರೆ ಅಥವಾ ಪಂಪಿನ ಹಲ್ಲು ಸವೆದರೆ ಎಂಜಿನ್ ಬರಿಯ ಪೆಟ್ರೋಲಿನಲ್ಲಿ ಓಡುತ್ತಿರುತ್ತದೆ. ಸವಾರನಿಗೆ ಇದು ತಿಳಿಯುವುದು ಎಂಜಿನ್ ಹಿಡಿದುಕೊಂಡ ಮೇಲೆಯೇ. ಇಂತಹ ಹಳೆಯ ವಾಹನ ಇರುವವರು ಆಯಿಲ್ ಮಟ್ಟವನ್ನು ತಪ್ಪದೆ ನೋಡಬೇಕು. ಕೊಳವೆ ಬಿಚ್ಚಿ ಕೂಡಿಸಿದಾಗ ಗಾಳಿ ತೆಗೆಸಬೇಕು. ಗಾಳಿ ಪೂರ್ತಿ ಹೋಗಿದೆ ಎಂದು ಖಚಿತವಾಗುವವರೆಗೆ ಪೆಟ್ರೋಲಿನಲ್ಲಿಯೂ ಸ್ವಲ್ಪ ಆಯಿಲ್ ಬೆರೆಸಿರುವುದು ಕ್ಷೇಮ.

ಯಾವುದು ಮೇಲು?

ಇದಕ್ಕೆ ಯಂತ್ರ ಮಾಡುವ ಕೆಲಸವೇ ಉತ್ತರ ಕೊಡುತ್ತದೆ. ವಿದೇಶಗಳಲ್ಲಿ ಮಣ್ಣಿನ ಹಾದಿಯಲ್ಲಿ ಓಡಿಸುವ ಎರಡು ಸ್ಟ್ರೋಕ್ ಬೈಕುಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಚಿಕ್ಕ ಸುತ್ತಿನಲ್ಲಿ ಪೂರ್ಣ ವೇಗದಿಂದ ಓಡುವ ಮೋಟೋಕ್ರಾಸ್ ಬೈಕುಗಳಿಗೆ ಬೆರೆಸಿದ ಪೆಟ್ರೋಲನ್ನೇ ಹಾಕುವುದು ವಾಡಿಕೆ. ಅಲ್ಲಿ ತೂಕ ಕಡಿಮೆ ಇರಬೇಕು, ಕೆಡುವ ಭಾಗ ಇರಬಾರದು. ಕಾಡು ಗುಡ್ಡಗಳಲ್ಲಿ ದೂರ ಸಾಗುವ ಎಂಡ್ಯೂರೋ ಬೈಕುಗಳಲ್ಲಿ ವೇಗ ಸದಾ ಬದಲಾಗುತ್ತದೆ. ಆಸ್ಟ್ರಿಯಾದ ಕೆಟಿಎಂ ಕಂಪನಿಯು 2017ರಲ್ಲಿ ಪ್ರಕಟಿಸಿದ ಇಂತಹ ಬೈಕುಗಳಲ್ಲಿ ಆಯಿಲ್ ಪಂಪು ಇದೆ. ಆ ಎಂಜಿನ್‌ನಲ್ಲಿ ಪೆಟ್ರೋಲನ್ನು ಕ್ರ್ಯಾಂಕ್ ಕೇಸಿನಿಂದ ಸಿಲಿಂಡರಿಗೆ ಹೋಗುವ ಮಾರ್ಗದಲ್ಲಿ ಸಿಂಪಡಿಸಲಾಗುತ್ತದೆ. ಕೆಳಗಿನ ಬೇರಿಂಗುಗಳಿಗೆ ಪೆಟ್ರೋಲ್ ಸರಿಯಾಗಿ ತಲುಪದ ಕಾರಣ, ಅದರಲ್ಲಿ ಆಯಿಲ್ ಬೆರೆಸಿದರೂ ಪ್ರಯೋಜನವಿಲ್ಲ. ಆದ್ದರಿಂದ ಅಲ್ಲಿ ಪಂಪು ಅನಿವಾರ್ಯ.

ನಮ್ಮ ಸ್ಪ್ರೇಯರ್ ಮತ್ತು ಕಳೆ ಯಂತ್ರಗಳ ಕೆಲಸ ಮೊದಲನೆಯ ಬಗೆಯದು. ಹೆಚ್ಚು ಹೊತ್ತು ಒಂದೇ ವೇಗದಲ್ಲಿ, ಹೆಚ್ಚು ಕಡಿಮೆ ಪೂರ್ಣ ಹೊರೆಯಲ್ಲಿ ಓಡುತ್ತವೆ. ಬೆನ್ನಿನ ಮೇಲೆ, ಕೈಯಲ್ಲಿ ಹೊರಬೇಕಾದ್ದರಿಂದ ಪ್ರತಿ ಗ್ರಾಮ್ ತೂಕವೂ ಲೆಕ್ಕಕ್ಕೆ ಬರುತ್ತದೆ. ಗರಗಸವನ್ನಂತೂ ಅಡ್ಡ, ಓರೆ ಹೇಗೆ ಬೇಕಾದರೂ ಹಿಡಿಯಬೇಕು. ಇವಕ್ಕೆ ಬೆರೆಸಿದ ಪೆಟ್ರೋಲೇ ತಕ್ಕದ್ದು. ಆದರೆ ಪಂಪು ಮಾಡಬೇಕಾದ ಅಳತೆಯ ಕೆಲಸ ಇಲ್ಲಿ ರೈತನ ಕೈಯಲ್ಲಿದೆ.

ಅಳತೆಯ ಲೆಕ್ಕ

ಕೈಪಿಡಿಯಲ್ಲಿ ಅಥವಾ ಟ್ಯಾಂಕಿನ ಮುಚ್ಚಳದ ಮೇಲೆ 25:1, 50:1 ಎಂದು ಬರೆದಿರುತ್ತದೆ. 50:1 ಎಂದರೆ 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್. ಇದನ್ನು ಲೀಟರಿಗೆ 50 ಮಿ.ಲೀ. ಎಂದು ತಿಳಿಯಬಾರದು. ಲೆಕ್ಕ ಸುಲಭ: 1000ವನ್ನು ಮೊದಲ ಸಂಖ್ಯೆಯಿಂದ ಭಾಗಿಸಿದರೆ ಒಂದು ಲೀಟರ್ ಪೆಟ್ರೋಲಿಗೆ ಬೇಕಾದ ಆಯಿಲ್ ಮಿ.ಲೀ.ನಲ್ಲಿ ದೊರೆಯುತ್ತದೆ.

20:1 — 1 ಲೀಟರಿಗೆ 50 ಮಿ.ಲೀ., 5 ಲೀಟರಿಗೆ 250 ಮಿ.ಲೀ.
25:1 — 1 ಲೀಟರಿಗೆ 40 ಮಿ.ಲೀ., 5 ಲೀಟರಿಗೆ 200 ಮಿ.ಲೀ.
40:1 — 1 ಲೀಟರಿಗೆ 25 ಮಿ.ಲೀ., 5 ಲೀಟರಿಗೆ 125 ಮಿ.ಲೀ.
50:1 — 1 ಲೀಟರಿಗೆ 20 ಮಿ.ಲೀ., 5 ಲೀಟರಿಗೆ 100 ಮಿ.ಲೀ.

'ಆಯಿಲ್ ಸ್ವಲ್ಪ ಹೆಚ್ಚಾದರೆ ಎಂಜಿನ್ನಿಗೆ ಒಳ್ಳೆಯದು' ಎಂಬ ನಂಬಿಕೆ ಸರಿಯಲ್ಲ. ಆಯಿಲ್ ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಸೈಲೆನ್ಸರಿನ ದಾರಿ ಕಟ್ಟಿಕೊಳ್ಳುತ್ತದೆ, ಶಕ್ತಿ ಕುಂದುತ್ತದೆ. ಇಷ್ಟೇ ಅಲ್ಲದೆ, ಕಾರ್ಬ್ಯುರೇಟರ್ ಮೂಲಕ ಸಾಗುವ ದ್ರವದಲ್ಲಿ ಆಯಿಲಿನ ಪಾಲು ಏರಿದಷ್ಟೂ ಪೆಟ್ರೋಲಿನ ಪಾಲು ಇಳಿದು, ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಇದರಿಂದ ಎಂಜಿನ್ ಹೆಚ್ಚು ಕಾಯಬಹುದು. ಆಯಿಲ್ ಕಡಿಮೆಯಾದರೆ ಆಗುವ ಕೇಡಂತೂ ನೇರವಾದದ್ದು. ಆದ್ದರಿಂದ ತಯಾರಕರು ಹೇಳಿದಷ್ಟೇ ಹಾಕಬೇಕು.

ಬೆರೆಸುವ ವಿಧಾನ

1. ಪೆಟ್ರೋಲಿಗೆಂದೇ ಇರುವ ಶುಚಿಯಾದ ಕ್ಯಾನಿನಲ್ಲಿ ಬೆರೆಸಬೇಕು, ಯಂತ್ರದ ಟ್ಯಾಂಕಿನಲ್ಲಿ ಅಲ್ಲ.
2. ಮೊದಲು ಅರ್ಧದಷ್ಟು ಪೆಟ್ರೋಲ್ ಹಾಕಿ, ಅಳೆದ ಆಯಿಲ್ ಸುರಿದು ಚೆನ್ನಾಗಿ ಕುಲುಕಬೇಕು. ಆಮೇಲೆ ಉಳಿದ ಪೆಟ್ರೋಲ್ ಸೇರಿಸಿ ಮತ್ತೆ ಕುಲುಕಬೇಕು.
3. ಅಳೆಯಲು ಗೆರೆ ಹಾಕಿದ ಅಳತೆ ಲೋಟ ಬಳಸಬೇಕು. ಬಾಟಲಿ ಮುಚ್ಚಳದ ಅಂದಾಜು ಬೇಡ.
4. ಗಾಳಿಯಿಂದ ತಣಿಯುವ ಎಂಜಿನ್ನಿಗೆ ತಕ್ಕ 2ಟಿ ಆಯಿಲನ್ನೇ ಕೊಳ್ಳಬೇಕು. ಡಬ್ಬಿಯ ಮೇಲೆ ಜಾಸೊ ಎಫ್‌ಸಿ ಅಥವಾ ಎಫ್‌ಡಿ ಎಂದಿದ್ದರೆ ಅದು ಕಡಿಮೆ ಹೊಗೆಯ ದರ್ಜೆ. ಟ್ರ್ಯಾಕ್ಟರಿನ ಎಂಜಿನ್ ಆಯಿಲ್ ಇದಕ್ಕೆ ಆಗದು.
5. ಎಂಜಿನ್ ತಣಿದ ಮೇಲೆ, ಬೀಡಿ ಬೆಂಕಿಯಿಂದ ದೂರದಲ್ಲಿ, ಸಣ್ಣ ಜಾಲರಿಯಲ್ಲಿ ಸೋಸಿ ತುಂಬಬೇಕು.
6. ಕ್ಯಾನಿನ ಮೇಲೆ 'ಆಯಿಲ್ ಬೆರೆಸಿದೆ' ಎಂದು ಅನುಪಾತ ಮತ್ತು ದಿನಾಂಕದೊಡನೆ ಬರೆದಿಡಬೇಕು.

ಎಥೆನಾಲ್ ಬಗ್ಗೆ ಎಚ್ಚರ

ಶೇಕಡಾ 20 ಎಥೆನಾಲ್ ಇರುವ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರಿನಂಶ ಮಿತಿಮೀರಿದರೆ ಎಥೆನಾಲ್ ಮತ್ತು ನೀರು ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನ್ ಹೀರುವುದು ತಳದಿಂದಲೇ. ಅಲ್ಲಿ ಆಯಿಲ್ ಇರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ಕೆಲವೇ ದಿನಗಳಿಗೆ ಸಾಕಾಗುವಷ್ಟು ಮಾತ್ರ ಬೆರೆಸಿ, ಬಿಗಿಯಾಗಿ ಮುಚ್ಚಿಡಬೇಕು. ಹಂಗಾಮು ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ನಿಧಾನಗತಿಯಲ್ಲಿ ಓಡಿಸಿ ಇಡಬೇಕು. ಯಂತ್ರಕ್ಕೆ ಎಷ್ಟು ಎಥೆನಾಲ್ ಸಲ್ಲುತ್ತದೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಎಂಜಿನ್ ಹಿಡಿದುಕೊಂಡರೆ

ಓಡುತ್ತಿರುವಾಗ ಶಬ್ದ ಬದಲಾಗಿ, ವೇಗ ತಾನಾಗಿ ಕುಗ್ಗಿದರೆ ಕೂಡಲೇ ನಿಲ್ಲಿಸಬೇಕು. ಹಗ್ಗ ಎಳೆದರೆ ಬಾರದಿದ್ದಾಗ ಬಲವಂತ ಮಾಡಬಾರದು. ತಣಿಯಲು ಬಿಟ್ಟು, ಬಲ್ಲ ಮೆಕ್ಯಾನಿಕ್‌ನಿಂದ ಪಿಸ್ಟನ್ ಮತ್ತು ಸಿಲಿಂಡರಿನಲ್ಲಿ ಗೀರುಗಳಿವೆಯೇ ಎಂದು ಪರೀಕ್ಷಿಸಬೇಕು. ತಣಿದ ಮೇಲೆ ತಿರುಗಿತೆಂದು ಹಾಗೆಯೇ ಕೆಲಸಕ್ಕೆ ಹಚ್ಚಿದರೆ ಗೀರು ಬೆಳೆದು, ಪಿಸ್ಟನ್ ಮತ್ತು ಸಿಲಿಂಡರ್ ಎರಡನ್ನೂ ಬದಲಿಸಬೇಕಾದೀತು.

ಕೊನೆಯದಾಗಿ ಒಂದು ಮಾತು. ಇಂದು ಮಾರುಕಟ್ಟೆಯಲ್ಲಿ ನಾಲ್ಕು ಸ್ಟ್ರೋಕ್ ಸ್ಪ್ರೇಯರ್ ಮತ್ತು ಕಳೆ ಯಂತ್ರಗಳೂ ಇವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬರಿಯ ಪೆಟ್ರೋಲ್ ಹಾಕಿ, ಆಯಿಲನ್ನು ಬೇರೆ ತುಂಬಬೇಕು. ಮನೆಯಲ್ಲಿ ಎರಡೂ ಬಗೆಯ ಯಂತ್ರಗಳಿದ್ದರೆ ಕ್ಯಾನುಗಳು ಬೇರೆ ಬೇರೆ ಬಣ್ಣದವಾಗಿರಲಿ. ಯಂತ್ರವನ್ನು ಕೂಲಿಯಾಳಿನ ಕೈಗೆ ಅಥವಾ ನೆರೆಯವರಿಗೆ ಕೊಡುವಾಗ ಯಾವ ಕ್ಯಾನು ಯಾವುದಕ್ಕೆ ಎಂದು ಹೇಳಿಯೇ ಕೊಡಬೇಕು. 20 ಮಿ.ಲೀ. ಆಯಿಲನ್ನು ಅಳೆಯಲು ಹಿಡಿಯುವ ಎರಡು ನಿಮಿಷ, ಸಿಂಪಡಣೆಯ ಹಂಗಾಮನ್ನೇ ಕಾಯಬಲ್ಲದು.