ಮಕ್ಕಳ ರ್‍ಯಾಪ್ ಓದಬೇಡಿ, ಹಾಡಿಸಿ ಕೇಳಿ

ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಮಗನೋ ಮಗಳೋ ರ್‍ಯಾಪ್ ಸಾಲು ಗೀಚಿದ್ದು ಕಣ್ಣಿಗೆ ಬಿದ್ದಿದೆ. ಕೇಳಿದರೆ ‘ಡಬಲ್ ಮೀನಿಂಗ್ ಇದೆ’ ಎಂಬ ಉತ್ತರ. ಅಪ್ಪ ಅಮ್ಮನ ಮುಖ ಬಿಗಿಯುವುದು ಸಹಜ. ಅಗ್ಗದ ಸಿನಿಮಾ ಹಾಸ್ಯ ಆ ಮಾತಿಗೆ ಅಷ್ಟು ಹೊಲಸು ಮೆತ್ತಿದೆ. ಆದರೆ ಒಂದೇ ಮಾತಿನಲ್ಲಿ ಎರಡು ಅರ್ಥ ಹೂಡುವುದು ಕನ್ನಡದ ಬಲು ಹಳೆಯ ಕಸುಬು. 9ನೇ ಶತಮಾನದ ‘ಕವಿರಾಜಮಾರ್ಗ’ವೇ ಶ್ಲೇಷೆಯನ್ನು ಅಲಂಕಾರಗಳಲ್ಲಿ ಸೇರಿಸಿ ಚರ್ಚಿಸಿದೆ. ಉತ್ತರ ಕರ್ನಾಟಕದಲ್ಲಿ ಹರದೇಶಿ, ನಾಗೇಶಿ ಮೇಳಗಳು ಎದುರುಬದುರು ನಿಂತು ಲಾವಣಿಯಲ್ಲೇ ಸವಾಲು ಹಾಕಿ, ಲಾವಣಿಯಲ್ಲೇ ಜವಾಬು ಕೊಡುತ್ತವೆ. ಈಗಿನ ರ್‍ಯಾಪ್ ಬ್ಯಾಟಲ್ ಅದಕ್ಕಿಂತ ತೀರ ದೂರದ್ದಲ್ಲ.

ಮಕ್ಕಳು ಎರಡು ಅರ್ಥ ಹೂಡುವ ಬಗೆಯನ್ನು ನಮ್ಮ ಮೈಸೂರು ಸೀಮೆಯ ಮಾತುಗಳಲ್ಲೇ ನೋಡೋಣ. ತಿ. ನರಸೀಪುರ ತಾಲ್ಲೂಕಿನ ತಲಕಾಡು ಮರಳಿಗೆ ಹೆಸರಾದ ಊರು. ಕೆಲಸ ಹುಡುಕಿ ಬೆಂಗಳೂರು ಸೇರಿದ ಹುಡುಗನ ಬಗ್ಗೆ ‘ತಲಕಾಡಿನ ಮರಳು ಕರೆದದ್ದು ಒಂದೇ ಮಾತು: ಮರಳು’ ಎಂದು ಒಬ್ಬಳು ಬರೆದಳೆನ್ನಿ. ಅದೇ ಪದ ಮೊದಲ ಸಲ ಹೊಳೆದಂಡೆಯ ಮರಳು, ಎರಡನೇ ಸಲ ವಾಪಸು ಬಾ ಎಂಬ ಕರೆ. ಮಾತನ್ನು ಒಡೆದು ಆಡುವುದು ಇನ್ನೊಂದು ಬಗೆ. ನಂಜನಗೂಡಿನ ರಸಬಾಳೆಯನ್ನು ‘ರಸ, ಬಾಳೇ’ ಎಂದು ಬಿಡಿಸಿ ಕೊನೆಯ ಸ್ವರ ಎಳೆದರೆ ಸಾಕು, ಹಣ್ಣಿನ ಜಾಗದಲ್ಲಿ ಬದುಕು ಬಂದು ಕೂರುತ್ತದೆ. ಎದುರಾಳಿಗೆ ತಿರುಗೇಟು ಕೊಡಲೂ ಬೈಗುಳವೇ ಬೇಕೆಂದಿಲ್ಲ. ‘ನಂಜು ಉಂಡವನ ಊರು ನಮ್ಮದು, ನಿನ್ನ ನಂಜು ನನಗೆ ತಿಂಡಿ’ ಎಂದರೆ ನಂಜನಗೂಡಿನ ಶ್ರೀಕಂಠೇಶ್ವರನೂ ಬಂದ, ಎದುರಾಳಿಯ ಹೊಟ್ಟೆಕಿಚ್ಚಿಗೆ ಉತ್ತರವೂ ಆಯಿತು.

ಅದಕ್ಕೇ ಹಾಳೆ ಓದಿ ತೀರ್ಪು ಕೊಡಬೇಡಿ ಎನ್ನುತ್ತೇನೆ. ಬರವಣಿಗೆಯಲ್ಲಿ ಬೇರೆಯಾಗಿ ಕಾಣುವ ಎಷ್ಟೋ ಮಾತು ಕಿವಿಗೆ ಒಂದೇ. ಇದರಲ್ಲಿ ನಮ್ಮ ಕಡೆಯ ಆಡುಮಾತಿನ ಸಿರಿ ದೊಡ್ಡದು. ‘ಬತ್ತದ’ ಎಂಬ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ‘ಮಳ ಬತ್ತದ’ ಎಂದರೆ ಮಳೆ ಬರುತ್ತದೆ. ಪುಸ್ತಕದ ಕನ್ನಡದಲ್ಲಿ ‘ಬತ್ತದ ಹೊಳೆ’ ಎಂದರೆ ಒಣಗದ ಹೊಳೆ. ‘ಭತ್ತದ ಗದ್ದೆ’ಯೂ ನಮ್ಮ ಬಾಯಲ್ಲಿ ‘ಬತ್ತದ ಗದ್ದೆ’ಯೇ. ಕಪಿಲೆ, ಕಾವೇರಿ ಕೂಡುವ ತಾಲ್ಲೂಕಿನ ಮಗು ಮೂರೂ ಅರ್ಥವನ್ನು ಒಂದು ಪಲ್ಲವಿಗೆ ತರಬಲ್ಲದು. ಇಂಥ ಮಾತು ಕೇಳಿ ‘ನೆಟ್ಟಗೆ ಕನ್ನಡ ಮಾತಾಡು’ ಎಂದು ಗದರಿದರೆ ಮಗುವಿನ ಕೈಯಲ್ಲಿರುವ ಬಂಡವಾಳವನ್ನೇ ಕಿತ್ತುಕೊಂಡಂತೆ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಈ ಸೀಮೆಯ ನುಡಿಯಲ್ಲೇ ‘ಕುಸುಮಬಾಲೆ’ ಕಾದಂಬರಿ ಬರೆದರು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹಾಗೆಂದು ಎಲ್ಲಕ್ಕೂ ತಲೆದೂಗಬೇಕಿಲ್ಲ. ಎರಡನೇ ಅರ್ಥ ಯಾರಿಗೆ ತಾಕುತ್ತದೆ ಎಂದು ನೇರವಾಗಿ ಕೇಳಿ. ಒಬ್ಬರ ಜಾತಿ, ಮೈಬಣ್ಣ, ಸಹಪಾಠಿ ಹುಡುಗಿಯ ಹೆಸರು ಅದರೊಳಗಿದ್ದರೆ ಆ ಸಾಲು ಹೋಗಲೇಬೇಕು. ಬರೆದವನು ‘ನನ್ನ ಅರ್ಥ ಅದಲ್ಲ’ ಎಂದು ಜಾರಿಕೊಳ್ಳಬಹುದು, ನೊಂದವರಿಗೆ ಆ ದಾರಿಯಿಲ್ಲ. 2020ರಲ್ಲಿ ರ್‍ಯಾಪರ್ ಚಂದನ್ ಶೆಟ್ಟಿಯವರ ‘ಕೋಲುಮಂಡೆ’ ಹಾಡು ಬಂದಾಗ ನಡೆದದ್ದನ್ನೂ ಮಕ್ಕಳಿಗೆ ಹೇಳಬೇಕು. ಜನಪದ ಹಾಡನ್ನು ರ್‍ಯಾಪಿಗೆ ಒಗ್ಗಿಸಿದ ವಿಡಿಯೊದಲ್ಲಿ ಮಲೆ ಮಾದಪ್ಪನ ಕಥೆಯ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ ಭಕ್ತರು ನೊಂದು ಪ್ರತಿಭಟಿಸಿದರು. ಗಾಯಕರು ಕ್ಷಮೆ ಕೇಳಿದರು, ಹಾಡನ್ನು ಯೂಟ್ಯೂಬಿನಿಂದ ತೆಗೆಯಲಾಯಿತು. ಅಲ್ಲಿ ತಕರಾರು ಪದಕ್ಕಿಂತ ದೃಶ್ಯದ್ದು. ಆದರೂ ಒಂದು ಸಮುದಾಯ ಎದೆಯಲ್ಲಿಟ್ಟುಕೊಂಡ ಕಥೆಯನ್ನು ಮುಟ್ಟುವ ಮುನ್ನ ಆ ಕಥೆ ಹಾಡುವವರ ಬಳಿ ಕೂತು ಕೇಳಬೇಕು.

ಇನ್ನು ಮನೆಯಲ್ಲಿ ಮಾಡಬಹುದಾದದ್ದು. ಬೀಟ್ ಹಾಕಿಸಿ, ಹಾಡಿಸಿ. ಮೊದಲ ಅರ್ಥವೊಂದೇ ತಿಳಿದವರಿಗೂ ಸಾಲು ನೆಟ್ಟಗೆ ನಿಂತಿದೆಯೇ ಗಮನಿಸಿ. ಎರಡನೆಯದು ನಿಮಗೆ ಹೊಳೆಯದಿದ್ದರೆ ‘ಬಿಡಿಸಿ ಹೇಳು ಮಗ’ ಎನ್ನಿ. ಬಿಡಿಸಿ ಹೇಳಲು ನಾಚುವ ಸಾಲಿದ್ದರೆ, ಅದನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂಬ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಮೊಬೈಲಿನಲ್ಲಿ ಹಾಕುವ ಮುನ್ನ ಒಮ್ಮೆ ಅಜ್ಜಿಯ ಮುಂದೆ ಹಾಡಿಸಿ. ಒಗಟು ಬಿಡಿಸಿ ಬೆಳೆದ ಅಜ್ಜಿಗೆ ಇದು ನಮಗಿಂತ ಬೇಗ ಅರ್ಥವಾಗುತ್ತದೆ.