ಜರ್ಮನಿಗೆ ಹೊರಟವರಿಗೆ: ಸೂಟ್‌ಕೇಸ್ ಬಿಚ್ಚಿದ ಮೇಲಿನ ಸೂತ್ರಗಳು

ಬೆಂಗಳೂರಿನಿಂದ ಸ್ಟುಟ್‌ಗಾರ್ಟ್‌ಗೋ ಮ್ಯೂನಿಕ್‌ಗೋ ಕೆಲಸಕ್ಕೆ ಹೊರಟವರಿಗೆ ವೀಸಾ, ಸ್ವೆಟರ್, ಕುಕ್ಕರ್ ಬಗ್ಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. ಹೋಗಿ ನಾಲ್ಕಾರು ತಿಂಗಳಾದ ಮೇಲೆ ಸುಮ್ಮಸುಮ್ಮನೆ ಎಲ್ಲದರ ಮೇಲೂ ಸಿಡುಕು ಬರುತ್ತದಲ್ಲ, ಅದನ್ನು ಮಾತ್ರ ಯಾರೂ ಹೇಳಿ ಕಳಿಸುವುದಿಲ್ಲ. ಆ ಸಿಡುಕಿನ ಮುಕ್ಕಾಲು ಪಾಲು ಕಸ, ಕಿಟಕಿ, ಅಂಚೆಪೆಟ್ಟಿಗೆಯಂಥ ಚಿಲ್ಲರೆ ವಿಷಯಗಳಿಂದಲೇ ಹುಟ್ಟುತ್ತದೆಂದು ನನ್ನ ಅಂದಾಜು. ಪಳಗುವುದನ್ನೂ ಅಲ್ಲಿಂದಲೇ ಶುರುಮಾಡಬೇಕು.

1. ಸಿಡುಕಿಗೂ ಒಂದು ಕಾಲವಿದೆ. ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1960ರ ಲೇಖನವೊಂದರಲ್ಲಿ ಈ ಕಲ್ಚರ್ ಶಾಕ್‌ನ ಹಂತಗಳನ್ನು ಬಿಡಿಸಿಟ್ಟರು: ಮೊದಲು ಮಧುಚಂದ್ರ, ಆಮೇಲೆ ಸಿಟ್ಟು, ನಿಧಾನಕ್ಕೆ ಚೇತರಿಕೆ, ಕೊನೆಗೆ ಹೊಂದಿಕೆ. ಸಿಟ್ಟಿನ ಹಂತದಲ್ಲಿ ಸ್ವದೇಶದವರೆಲ್ಲ ಒಟ್ಟಿಗೆ ಕೂತು ಹೊಸ ದೇಶವನ್ನು ಬೈಯುವುದನ್ನೂ ಅವರು ಗಮನಿಸಿದ್ದರು. ಬೈಯಿರಿ, ತಪ್ಪಿಲ್ಲ. ಆ ಬಿಸಿಯಲ್ಲಿ ರಾಜೀನಾಮೆ ಮಾತ್ರ ಬರೆಯಬೇಡಿ.

2. ಮೊದಲ ದಿನವೇ ಅಂಚೆಪೆಟ್ಟಿಗೆಗೆ ಹೆಸರು ಅಂಟಿಸಿ. ಅಲ್ಲಿ ಫ್ಲ್ಯಾಟುಗಳಿಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ. ಹೆಸರಿಲ್ಲದಿದ್ದರೆ ಪತ್ರ ವಾಪಸ್. ತೆರಿಗೆ ಸಂಖ್ಯೆ ಬರುವುದೂ ಅಂಚೆಯಲ್ಲೇ. ಮನೆ ಸೇರಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ. ಮುಂದಿನ ಹೆಚ್ಚಿನ ಕೆಲಸಗಳೆಲ್ಲ ನೋಂದಣಿಯ ಆ ಒಂದು ಕಾಗದದ ಮೇಲೆ ನಿಂತಿವೆ.

3. ಬಾಡಿಗೆ ಮನೆಯಲ್ಲಿ ಅಡುಗೆಮನೆ ಇದೆಯೇ ಎಂದು ಕೇಳಿ. ತಮಾಷೆಯಲ್ಲ. ಎಷ್ಟೋ ಮನೆಗಳಲ್ಲಿ ಸಿಂಕು, ಒಲೆ, ಕಪಾಟು ಸಮೇತ ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಒಲೆ ಸಿಕ್ಕಿತೆನ್ನಿ, ಆಮೇಲೆ ಕಿಟಕಿಯ ಪಾಠ. ಹೊರಗೆ ಮಂಜು ಬೀಳುತ್ತಿದ್ದರೂ ದಿನಕ್ಕೆ ಎರಡು ಮೂರು ಸಲ, ಐದೈದು ನಿಮಿಷ, ಹೀಟರ್ ತಗ್ಗಿಸಿ ಕಿಟಕಿಯನ್ನು ಪೂರ್ತಿ ತೆರೆಯಬೇಕು. ಚಳಿಗೆ ಹೆದರಿ ಮುಚ್ಚಿಟ್ಟು ಅನ್ನ, ಸಾರು ಕುದಿಸಿದರೆ ಹಬೆ ಗೋಡೆಗೆ ಕೂತು ಬೂಷ್ಟು ಹಿಡಿಯುತ್ತದೆ. ಮುಂಗಡವಾಗಿ ಕೊಟ್ಟ ಮೂರು ತಿಂಗಳ ಬಾಡಿಗೆಯಲ್ಲಿ ಮಾಲೀಕರು ಅದಕ್ಕೆ ದುಡ್ಡು ಮುರಿದುಕೊಳ್ಳಬಹುದು. ಒಗ್ಗರಣೆಯ ಘಾಟಿಗೂ ತೆರೆದ ಕಿಟಕಿಯೇ ಮದ್ದು.

4. ದಿನಸಿ ತಂದು ದೋಸೆಹಿಟ್ಟು ಶನಿವಾರ ಸಂಜೆಯೇ ರುಬ್ಬಿಬಿಡಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದ ಅಂಗಡಿಗಳು, ಬೆಳಗಿನ ಹೊತ್ತು ಕೆಲವು ಬೇಕರಿಗಳು ಮಾತ್ರ ಗತಿ. ಆ ದಿನ ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಖಾಲಿ ಬಾಟಲಿಯನ್ನು ಬೀದಿಯ ಗಾಜಿನ ತೊಟ್ಟಿಗೆ ಎಸೆಯುವಂತೆಯೂ ಇಲ್ಲ. ಉಳಿದ ದಿನಗಳಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಬೇಡ.

5. ಕಸ ಬೇರ್ಪಡಿಸಿ. ಕಾಗದ, ಪ್ಯಾಕಿಂಗ್, ಹಸಿ ಕಸ, ಉಳಿದದ್ದು. ತೊಟ್ಟಿಯ ಬಣ್ಣ ಊರಿಂದೂರಿಗೆ ಬದಲಾಗುತ್ತದೆ, ಪಕ್ಕದ ಮನೆಯವರನ್ನು ಕೇಳಿ. ಪರಿಚಯಕ್ಕೂ ಅದೇ ನೆಪ. ನೀರಿನ ಪ್ಲಾಸ್ಟಿಕ್ ಬಾಟಲಿ ಬಿಸಾಡಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ ಸಾಮಾನ್ಯವಾಗಿ 25 ಸೆಂಟ್ ವಾಪಸ್. ಸ್ಟುಟ್‌ಗಾರ್ಟ್ ಸುತ್ತಮುತ್ತ ಇನ್ನೊಂದು ಸಂಪ್ರದಾಯವಿದೆ: ಮೆಟ್ಟಿಲು ಗುಡಿಸಿ ಒರೆಸುವ ಕೆಲಸ ವಾರಕ್ಕೊಂದು ಮನೆಗೆ ಸರದಿಯಲ್ಲಿ ಬರುತ್ತದೆ. ಬಾಗಿಲಿಗೆ 'ಕೇರ್‌ವೋಖೆ' ಎಂಬ ಫಲಕ ನೇತಾಡಿದರೆ ಸರದಿ ನಿಮ್ಮದು. ಎಂಜಿನಿಯರ್ ಎಂದು ರಿಯಾಯಿತಿಯಿಲ್ಲ.

6. ನೇರ ಮಾತನ್ನು ಅವಮಾನವೆಂದು ತಿಳಿಯಬೇಡಿ. ಮೀಟಿಂಗಿನಲ್ಲಿ 'ಇದು ಸರಿಯಿಲ್ಲ' ಎಂದು ಮುಖದ ಮೇಲೇ ಹೇಳಿದವರು ಮಧ್ಯಾಹ್ನ ನಿಮ್ಮ ಜೊತೆಯಲ್ಲೇ ಊಟಕ್ಕೆ ಬರುತ್ತಾರೆ. ಎಡವಟ್ಟಾಗುವುದು ನಮ್ಮ 'ನೋಡೋಣ, ಮಾಡೋಣ'ದಿಂದ. ಅವರು ಅದನ್ನು ಒಪ್ಪಿಗೆಯೆಂದೇ ಬರೆದುಕೊಳ್ಳುತ್ತಾರೆ. ಆಗದಿದ್ದರೆ ಆಗದು ಎನ್ನಿ. ಮೈಬಣ್ಣ ನೋಡಿ ಆಡಿದ ಮಾತು ಮಾತ್ರ ಬೇರೆ. ಅದನ್ನು ನುಂಗಿಕೊಳ್ಳಬೇಡಿ, ಮೇಲಿನವರಿಗೆ ಬರಹದಲ್ಲಿ ತಿಳಿಸಿ.

7. ಹುಟ್ಟುಹಬ್ಬದ ಕೇಕನ್ನು ಆಫೀಸಿಗೆ ನೀವೇ ಒಯ್ಯಬೇಕು. ಬೇರೆಯವರಿಗೆ ಹಿಂದಿನ ದಿನವೇ ಶುಭಾಶಯ ಹೇಳಬೇಡಿ, ಅಪಶಕುನವಂತೆ.

8. ಭಾಷೆಯ ಕ್ಲಾಸಿಗೆ ಮೊದಲು ಮನೆಯಲ್ಲಿರುವವರನ್ನು ಸೇರಿಸಿ. ಕೆಲಸಕ್ಕೆ ಹೋಗುವವರಿಗೆ ಆಫೀಸಿದೆ, ಇಂಗ್ಲಿಷಿದೆ. ಜೊತೆಗೆ ಬಂದ ಹೆಂಡತಿಗೋ ಗಂಡನಿಗೋ ನಾಲ್ಕು ಗೋಡೆ, ಮೊಬೈಲು. ಪೆಟ್ಟು ಜೋರಾಗಿ ಬೀಳುವುದು ಅವರಿಗೇ. ಫೋಲ್ಕ್ಸ್‌ಹೋಖ್‌ಶೂಲೆ ಎಂಬ ಜನಶಿಕ್ಷಣ ಕೇಂದ್ರ ಹೆಚ್ಚುಕಡಿಮೆ ಎಲ್ಲ ಊರಲ್ಲೂ ಇದೆ, ಶುಲ್ಕವೂ ಕಡಿಮೆ. ಅಷ್ಟಕ್ಕೂ ಈ ಭಾಷೆ ಕಲಿಯುವ ಸಾಲ ಹಳೆಯದು. 1853ರಲ್ಲಿ ನಮ್ಮ ಕರಾವಳಿಗೆ ಬಂದಿಳಿದ ಜರ್ಮನ್ ಪಾದ್ರಿ ಕಿಟೆಲ್ ಕನ್ನಡ ಕಲಿತದ್ದಷ್ಟೇ ಅಲ್ಲ, 1894ರಲ್ಲಿ ನಮಗೇ ನಿಘಂಟು ಕೊಟ್ಟರು. ಅವರು ಕೊನೆಗಾಲ ಕಳೆದ ಟ್ಯೂಬಿಂಗನ್ ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದಾರಿ. ನಿಮ್ಮಿಂದ ನಿಘಂಟು ಯಾರೂ ಕೇಳುತ್ತಿಲ್ಲ. ಡಾಕ್ಟರ ಅಪಾಯಿಂಟ್‌ಮೆಂಟ್ ಕೇಳುವಷ್ಟು ಬಂದರೆ ಸಾಕು.

9. ಡಿಸೆಂಬರಿಗೆ ಮುಂಚೆ ಒಂದು ಸಂಘ ಸೇರಿ. ಆಗ ಸಂಜೆ ನಾಲ್ಕೂವರೆಗೇ ಕತ್ತಲು. ಬ್ಯಾಡ್ಮಿಂಟನ್, ಹಾಡು, ಬೆಟ್ಟ ಹತ್ತುವುದು, ಎಲ್ಲಕ್ಕೂ ಅಲ್ಲಿ ಸಂಘವಿದೆ. ಜರ್ಮನ್ನರ ಸ್ನೇಹ ಒಂದೇ ಭೇಟಿಗೆ ಕುದುರುವುದಲ್ಲ, ವಾರವಾರವೂ ಮುಖ ತೋರಿಸಬೇಕು. ಕನ್ನಡ ಬಳಗಕ್ಕೂ ಹೋಗಿ, ಅಲ್ಲಿಗಷ್ಟೇ ಅಲ್ಲ.

10. ಊರಿಗೆ ಫೋನು ಮಧ್ಯಾಹ್ನ ಊಟದ ಹೊತ್ತಿಗೆ. ಚಳಿಗಾಲದಲ್ಲಿ ಭಾರತ ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಮೂರೂವರೆ. ನೀವು ರಾತ್ರಿ ಎಂಟಕ್ಕೆ ಪಾತ್ರೆ ತೊಳೆದು ಫೋನು ಹಿಡಿದರೆ ಅಮ್ಮನಿಗೆ ನಡುರಾತ್ರಿ, ಗಾಬರಿಯಿಂದಲೇ ಎತ್ತುತ್ತಾರೆ.