ನಿರ್ಮಾಲ್ಯದ ಹೂ

ಎಲ್ಲಮ್ಮನ ಗುಡ್ಡದ ಬುಡದಲ್ಲಿರುವ ಉಗರಗೋಳದಿಂದ ಒಬ್ಬ ತಾಯಿಯವರು ಹೀಗೆ ಕೇಳಿಸಿದ್ದಾರೆ: “ನಮ್ಮ ಯಜಮಾನರು ಲಿಂಗೈಕ್ಯರಾಗಿ ವರುಷವಾಯಿತು. ಪೂಜೆಯಲ್ಲಿ ಲಿಂಗಕ್ಕೆ ಏರಿಸಿದ ಹೂವನ್ನು ನಾನು ಮುಡಿಯಬಾರದೆಂದು ಮನೆಯವರು ಅನ್ನುತ್ತಾರೆ. ಜಗುಲಿಯ ಮೇಲೆ ತೆಗೆದಿಟ್ಟ ಹೂ ಸಂಜೆಗೆ ಬಾಡುವದನ್ನು ನೋಡಲಾರೆ. ಏನು ಮಾಡಲಿ, ಗುರುಗಳೇ?” ಪ್ರಶ್ನೆ ಸಣ್ಣದಲ್ಲ. ಆದಕಾರಣ ಈ ತಿಂಗಳ ಪಾಠವು ಅದಕ್ಕೇ ಮೀಸಲು.

ಪೂಜೆ ಮುಗಿದು ಲಿಂಗದಿಂದ ಇಳಿಸಿದ ಹೂವಿಗೆ ನಿರ್ಮಾಲ್ಯವೆಂದು ಹೆಸರು. ‘ನಿರ್ಮಲ’ದಿಂದ ಹುಟ್ಟಿದ ಈ ಶಬ್ದಕ್ಕೆ ಪೂಜಾಶೇಷವೆಂಬಂತೆಯೇ ಶುದ್ಧತೆಯೆಂಬ ಅರ್ಥವೂ ಉಂಟು. ಜನರ ಬಾಯಲ್ಲಿ ಅದು ಚೆಲ್ಲುವ ಕಸಕ್ಕೆ ಹೆಸರಾಗಿರುವದು ವಿಷಾದದ ಸಂಗತಿ.

ಅಕ್ಕಮಹಾದೇವಿಯ ಅಂಕಿತವನ್ನು ವಿಚಾರಿಸಿ ನೋಡಿರಿ. ಮರಣ-ನಾಶಗಳಿಗೆ ಒಳಗಾಗದ ಸುಂದರನನ್ನೇ ಪತಿಯೆಂದು ವರಿಸಿದ ಆ ಮಹಾತಾಯಿಯು ಅವನನ್ನು ಕರೆದುದು ಚೆನ್ನಮಲ್ಲಿಕಾರ್ಜುನನೆಂದು. ಮಲ್ಲಿಕೆಯೆಂದರೆ ಮಲ್ಲಿಗೆ, ಸಂಜೆ ಬಿರಿದು ಮರುದಿನ ಕಂದುವ ಹೂ. ಚಂದ್ರಾವತಿಯೆಂಬ ರಾಜಪುತ್ರಿಯು ಮಲ್ಲಿಗೆಯಿಂದ ಅರ್ಚಿಸಿದುದರಿಂದ ದೇವರಿಗೆ ಆ ಹೆಸರು ಬಂದಿತೆಂದು ಶ್ರೀಶೈಲದ ಸ್ಥಳಪುರಾಣ ಹೇಳುತ್ತದೆ. ಎಂದೂ ಕೆಡದ ಒಡೆಯನ ಹೆಸರಿನೊಳಗೆ ಒಂದು ದಿನದ ಹೂ ಬಂದು ಕುಳಿತಿದೆ! ಬಾಡುವದು ದೋಷವಾಗಿದ್ದರೆ ಅಕ್ಕನು ವಚನ ವಚನದಲ್ಲಿಯೂ ಈ ಹೆಸರನ್ನು ಕರೆಯುತ್ತಿದ್ದಳೇ?

ಅಕ್ಕನ ಚರಿತ್ರೆಯನ್ನು ರಗಳೆಯಾಗಿ ಹಾಡಿದ ಹರಿಹರನೇ ಪುಷ್ಪರಗಳೆಯನ್ನೂ ರಚಿಸಿದನು. ಹೂ ಕೊಯ್ದು, ಮಾಲೆ ಕಟ್ಟಿ, ಹಂಪೆಯ ವಿರೂಪಾಕ್ಷನಿಗೆ ಏರಿಸುವದೇ ಅದರ ವಸ್ತು. (ಛಂದಸ್ಸಿನ ಉದಾಹರಣೆಗೆಂದಷ್ಟೇ ಮಕ್ಕಳಿಗೆ ಅದನ್ನು ಓದಿಸುವ ಪದ್ಧತಿ ನನಗೆ ಸೇರದು.) ಅಂದಿನ ಹೂಗಳೆಲ್ಲ ಅಂದೇ ಬಾಡಿದುವು. ಸುಮಾರು 800 ವರುಷಗಳ ತರುವಾಯ ನಾವು ಓದಲು ಕುಳಿತರೆ ಬುಟ್ಟಿಯು ಮತ್ತೆ ತುಂಬುವದು; ಎಸಳಿನ ಮೇಲಣ ಇಬ್ಬನಿಯೂ ಆರಿರುವದಿಲ್ಲ. ಶಿವನಿಗೆ ಸಂದ ಹೂವಿನ ಬಾಳು ಅಲ್ಲಿಗೆ ತೀರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿಯೇಕೆ?

ಇನ್ನು ತಾಯಿಯವರ ಪ್ರಶ್ನೆ. ಶರಣಸತಿ ಲಿಂಗಪತಿ ಎಂಬುದು ನಮ್ಮ ಸಿದ್ಧಾಂತ. ಆ ಪತಿಗೆ ಮರಣವೇ ಇಲ್ಲವಾದ ಮೇಲೆ ಇಷ್ಟಲಿಂಗವನ್ನು ಧರಿಸಿದವಳಿಗೆ ವೈಧವ್ಯವೆಲ್ಲಿಯದು? ಲಿಂಗಕ್ಕೆ ಅರ್ಪಿತವಾದುದು ಪ್ರಸಾದ. ಅದನ್ನು ತಡೆಯುವ ಅಧಿಕಾರ ಮನೆಯವರಿಗೂ ಇಲ್ಲ, ಊರವರಿಗೂ ಇಲ್ಲ. ತಾಯೀ, ಪೂಜೆ ಮುಗಿದೊಡನೆ ಹೂವನ್ನು ಕಣ್ಣಿಗೊತ್ತಿಕೊಂಡು ಮುಡಿಯಿರಿ. ನಿನ್ನೆ ತೆಗೆದಿಟ್ಟುದು ಬಾಡಿದ್ದರೆ ಅದನ್ನೂ ಮುಡಿಯಿರಿ. ಉದುರಿದ ಎಸಳುಗಳನ್ನು ಕಾಲು ತುಳಿಯುವಲ್ಲಿ ಚೆಲ್ಲದೆ ಬಳ್ಳಿಯ ಬುಡಕ್ಕೆ ಹಾಕಿರಿ. ಸೊಸೆಯಂದಿರು ಕೇಳಿದರೆ ಅವರಿಗೂ ಒಂದು ಹೂ ಕೊಡಿರಿ.